ಸಕ್ಕರೆ ತುಂಬಿ ಮರಳಿಸಿದ ಪಾತ್ರೆ

ಚಳಿಗಾಲ ಬಂತೆಂದರೆ ನಾನು ದಿನ ಬಿಟ್ಟು ದಿನ ಗಂಜಿ ಮಾಡುತ್ತೇನೆ. ನಮ್ಮ ಕಡೆಯ ಗಂಜಿಯಲ್ಲ, ಚೀನೀಯರ ಗಂಜಿ. ಒಂದು ಲೋಟ ಅಕ್ಕಿಗೆ ಹನ್ನೆರಡು ಲೋಟ ನೀರು, ಸಣ್ಣ ಉರಿ, ಎರಡು ತಾಸು. ಪಾತ್ರೆಯ ಬಾಯಿಗೆ ಅಡ್ಡಲಾಗಿ ಊಟದ ಕಡ್ಡಿಯೊಂದನ್ನಿಟ್ಟು ಅದರ ಮೇಲೆ ಮುಚ್ಚಳ ಹಾಕಬೇಕು. ಕಡ್ಡಿಯ ಸಂದಿನಿಂದ ಹಬೆ ಹೊರಗೆ ಹೋಗುತ್ತದೆ, ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲುವುದಿಲ್ಲ. ಆಗಾಗ ತಳ ಮುಟ್ಟಿ ಕದಡಬೇಕು. ಅಷ್ಟು ಹೊತ್ತು ನಾನು ಒಲೆಯ ಮುಂದೆಯೇ ನಿಂತಿರುತ್ತೇನೆ. ಕಿಟಕಿಯ ಹೊರಗೆ ನಾನಿರುವ ಎವರ್‌ಗ್ರೀನ್ ಬಡಾವಣೆಯ ಗುಡ್ಡಗಳು ಮಂಜಿನಲ್ಲಿ ಅರ್ಧ ಮುಳುಗಿರುತ್ತವೆ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣವಿದ್ದ ಗುಡ್ಡಗಳು ನಾಲ್ಕು ಮಳೆ ಬಿದ್ದ ಮೇಲೆ ಹಸಿರಾಗಿರುತ್ತವೆ. ಇದು ನನ್ನ ಹೆಂಡತಿಗೆ ಬಹಳ ಸೇರುತ್ತಿದ್ದ ಕಾಲ.

ಈ ಗಂಜಿ ಅವಳಿಗೆ ಸಿಗಬೇಕಾಗಿತ್ತು. ಹನ್ನೊಂದು ಸಲ ಅದು ನಮ್ಮ ಮನೆ ಬಾಗಿಲಿಗೆ ಬಂದಿತ್ತು, ಬಿಸಿಯಾಗಿ, ಮುಚ್ಚಳದ ಸಮೇತ. ಅವಳಿಗೆ ಸಿಗದ ಹಾಗೆ ಮಾಡಿದವನು ನಾನು. ಅದನ್ನು ಬರೆದಿಡಬೇಕೆಂದು ಇವತ್ತು ಕೂತಿದ್ದೇನೆ.

ನಾನು ಹುಬ್ಬಳ್ಳಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಲಾರಿಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಒಮ್ಮೆ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದೆ. ಅಲ್ಲಿ ಅವಳು ನರ್ಸು. ಉಡುಪಿ ಕಡೆಯವಳು, ಸಮುದ್ರದ ದಂಡೆಯ ಹಳ್ಳಿಯವಳು. ಮೀನು ಇಲ್ಲದೆ ಊಟ ಇಳಿಯದ ಮನೆ ಅವರದು. ನಮ್ಮದೋ, ಮೊಟ್ಟೆ ಎಂಬ ಮಾತನ್ನೂ ಅಡುಗೆಮನೆಯಲ್ಲಿ ಆಡದ ಮನೆ. ನಮ್ಮವ್ವ ಮದುವೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅವಳು ಮೀನು ಬಿಡಬೇಕು. ಬಿಟ್ಟಳು. ಅವ್ವ ತೀರಿಕೊಂಡ ಮೇಲೂ, ಏಳು ಸಮುದ್ರ ದಾಟಿ ಈ ಊರಿಗೆ ಬಂದ ಮೇಲೂ, ಒಂದು ದಿನ ಮುಟ್ಟಲಿಲ್ಲ. ಇಲ್ಲಿಗೆ ನಾವು ಬಂದದ್ದು ಅವಳ ಕೆಲಸದಿಂದ. ಆಸ್ಪತ್ರೆಯವರು ಅವಳನ್ನು ಕರೆದರು, ನಾನು ಹಿಂದೆ ಬಂದೆ. ಬಸ್ ಡಿಪೋ ಒಂದರ ಸ್ಟೋರಿನಲ್ಲಿ ನನಗೆ ಗೊತ್ತಿದ್ದ ಕೆಲಸವೇ ಸಿಕ್ಕಿತು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇಬ್ಬರೇ.

ಅವಳು ಮೀನು ಬಿಟ್ಟಳು, ಗಂಜಿ ಬಿಡಲಿಲ್ಲ. ಮೈಗೆ ಸ್ವಲ್ಪ ಚಳಿ ಹಿಡಿದರೂ ಕುಚ್ಚಲಕ್ಕಿ ಬೇಯಿಸಿ, ಉಪ್ಪು ಹಾಕಿ, ಉಪ್ಪಿನಕಾಯಿ ನೆಕ್ಕಿಕೊಂಡು ಉಣ್ಣುತ್ತ ಕೂತುಬಿಡುತ್ತಿದ್ದಳು. ನಮ್ಮ ಕಡೆ ಗಂಜಿ ಎಂದರೆ ಜಡ್ಡಿನವರ ಊಟ. ನಾನು ರೊಟ್ಟಿ ಮುರಿಯುತ್ತ ಅವಳನ್ನು ಕಾಡುತ್ತಿದ್ದೆ, ಯಾವ ವಾರ್ಡಿನ ಪೇಶಂಟು ನೀನು ಎಂದು. ರೊಟ್ಟಿ ತಿಂದು ತಿಂದು ನಿಮ್ಮ ನಾಲಿಗೆಯೂ ರೊಟ್ಟಿಯ ಹಾಗೆ ಒಣಗಿದೆ ಎಂದು ಅವಳು ತಿರುಗಿಸಿ ಹೇಳುತ್ತಿದ್ದಳು.

ಬಲಗಡೆಯ ಮನೆಯಲ್ಲಿ ಚೀನೀ ಅಜ್ಜಿಯೊಬ್ಬರಿದ್ದರು. ಒಬ್ಬರೇ ಇರುತ್ತಿದ್ದರು. ಮಗಳು ಎರಡು ತಾಸು ದೂರದ ಸ್ಯಾಕ್ರಮೆಂಟೊದಲ್ಲಿದ್ದಳು, ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುತ್ತಿದ್ದಳು. ಅಜ್ಜಿಗೆ ಇಂಗ್ಲಿಷಿನ ಹತ್ತಿಪ್ಪತ್ತು ಮಾತು ಬರುತ್ತಿದ್ದವು. ನನ್ನ ಹೆಂಡತಿಯನ್ನು 'ನರ್ಸ್' ಎಂದು, ನನ್ನನ್ನು 'ಮಿಸ್ಟರ್' ಎಂದು ಕರೆಯುತ್ತಿದ್ದರು. ಹೆಂಡತಿ ಅವರನ್ನು 'ಅಕ್ಕ' ಎನ್ನುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಇವಳು ಬಿಪಿ ನೋಡುವ ಯಂತ್ರ ಹಿಡಿದುಕೊಂಡು ಅವರ ಮನೆಗೆ ಹೋಗುವಳು. ಅವರ ಹಿತ್ತಲಿನ ಪರ್ಸಿಮನ್ ಹಣ್ಣು ಬೇಲಿಯ ಮೇಲಿನಿಂದ ಈಚೆ ಬರುತ್ತಿತ್ತು, ನಮ್ಮ ಕುಂಡದ ಕರಿಬೇವು ಆಚೆ ಹೋಗುತ್ತಿತ್ತು. ಕರಿಬೇವನ್ನು ಅವರು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಭಾಷೆಯೇ ಇಲ್ಲದೆ ಇಬ್ಬರೂ ಒಂದು ತಾಸು ಕೂತು ಮಾತಾಡುತ್ತಿದ್ದರು.

ಒಂದು ಭಾನುವಾರ, ಒಳ್ಳೆಯ ಚಳಿ ಇತ್ತು, ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ನಾನು ಹೊರಗೆ ನಿಂತಿದ್ದೆ. ಅವಳು ಅಕ್ಕನ ಮನೆಯಿಂದ ಬಂದಳು. ಮುಖ ಅರಳಿತ್ತು. ಅಲ್ಲಿ ಗಂಜಿ ಕೊಟ್ಟರು, ಥೇಟ್ ನಮ್ಮಮ್ಮನ ಮನೆಯದ್ದೇ, ಕುಚ್ಚಲಕ್ಕಿ ಅಲ್ಲ ಅಷ್ಟೆ ಎಂದಳು. ನಾನು ಕೇಳಿದ್ದು ಒಂದೇ ಮಾತು: ಯಾವ ಪಾತ್ರೆಯಲ್ಲಿ ಮಾಡಿದ್ದು? ಅವರ ಅಡುಗೆಕಟ್ಟೆಯ ಮೇಲೆ ಕಾಲು ಸಮೇತ ಕೋಳಿ ಮಲಗಿದ್ದನ್ನು ನಾನೊಮ್ಮೆ ನೋಡಿದ್ದೆ. ಅವಳು ಒಳಗೆ ಹೋದಳು. ಆ ದಿನವೆಲ್ಲ ನಾನು ಮುಖ ಬಿಗಿದುಕೊಂಡೇ ಇದ್ದೆ. ಮುಂದಿನ ಭಾನುವಾರದಿಂದ ಅವಳು ಅಲ್ಲಿ ಏನನ್ನೂ ತಿನ್ನದೆ ಬರತೊಡಗಿದಳು. ನನಗೆ ಗೆದ್ದ ಹಾಗಾಯಿತು. ಎಂಥ ಗೆಲುವು.

ಎರಡು ವರ್ಷದ ಮೇಲೆ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅಕ್ಟೋಬರಿನಲ್ಲಿ ಕೀಮೋ ಶುರುವಾಯಿತು. ಬಾಯೆಲ್ಲ ಹುಣ್ಣು. ನುಂಗುವುದೆಂದರೆ ಕಣ್ಣಲ್ಲಿ ನೀರು. ಸೋಂಕು ತಗಲಬಾರದು, ಹೊರಗಿನವರು ಯಾರೂ ಒಳಗೆ ಬರಬಾರದು ಎಂದು ಡಾಕ್ಟರು ಹೇಳಿದ್ದರು. ಅಡುಗೆ ನನ್ನ ಪಾಲಿಗೆ ಬಂತು. ಜೋಳದ ನುಚ್ಚು ಮಾಡಿದೆ, ರವೆಯ ಗಂಜಿ ಮಾಡಿದೆ, ಬೇಳೆ ಕಟ್ಟು ಸೋಸಿ ತಿಳಿಸಾರು ಮಾಡಿದೆ. ಎರಡು ಚಮಚಕ್ಕೆ ಅವಳು ಕೈ ಅಡ್ಡ ಹಿಡಿಯುವಳು. ನಾನು ಮಾಡಿದ ಅಕ್ಕಿಗಂಜಿ ನೋಡಿ, ಆ ನೋವಿನಲ್ಲೂ, "ಇದು ಗಂಜಿ ಅಲ್ಲ ಮಾರಾಯ್ರೆ, ಗೋಡೆಗೆ ಪೇಪರ್ ಅಂಟಿಸುವ ಅಂಟು" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಮೆಲ್ಲಗೆ, ಅಕ್ಕನ ಹತ್ತಿರ ಸ್ವಲ್ಪ ಗಂಜಿ ಕೇಳ್ತೀರಾ ಎಂದು ಕೇಳಿದಳು.

ಅವಳು ತನಗಾಗಿ ನನ್ನಲ್ಲಿ ಏನನ್ನಾದರೂ ಕೇಳಿದ್ದು ಬಹಳ ಕಡಿಮೆ. ಕೇಳುತ್ತೇನೆ ಎಂದೆ. ಕೇಳಲಿಲ್ಲ. ಮರುದಿನ, ಅಕ್ಕ ಮಗಳ ಮನೆಗೆ ಹೋಗಿದ್ದಾರೆ, ಯಾವಾಗ ಬರ್ತಾರೋ ಗೊತ್ತಿಲ್ಲ ಎಂದುಬಿಟ್ಟೆ.

ನಾನು ಕೇಳದಿದ್ದರೂ ಗಂಜಿ ತಾನಾಗಿ ಬಂತು. ಆ ವಾರದಲ್ಲೇ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಜ್ಜಿ ನಿಂತಿದ್ದಾರೆ. ಬಾಯಿಗೆ ಮಾಸ್ಕು, ಕೈಯಲ್ಲಿ ನೀಲಿ ಹೂವಿನ ಪಾತ್ರೆ, ಅದಕ್ಕೆ ಸುತ್ತಿದ ಟವೆಲ್ಲು. "ನರ್ಸ್" ಎಂದರು. ಪಾತ್ರೆಯನ್ನು ತೋರಿಸಿ, ಕೈ ಅಲ್ಲಾಡಿಸಿ, ಮಾಂಸ ಇಲ್ಲ, ಮೀನು ಇಲ್ಲ ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದರು. ಒಳಗೆ ಬರುವ ಹಾಗಿರಲಿಲ್ಲವಲ್ಲ, ಕೊಟ್ಟು ಹೊರಟುಹೋದರು.

ನಾನು ಮುಚ್ಚಳ ತೆಗೆದು ನೋಡಿದೆ. ಬೆಳ್ಳಗೆ, ನುಣ್ಣಗೆ, ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ. ಅಜ್ಜಿಯ ಮಾತನ್ನು ನಂಬಲಿಲ್ಲ. ಮಾಂಸ ಹಾಕಿಲ್ಲದಿರಬಹುದು, ಕೋಳಿಯ ಎಲುಬು ಬೇಯಿಸಿದ ನೀರು ಹಾಕಿದ್ದರೆ? ಅದೇ ಪಾತ್ರೆಯಲ್ಲಿ ನಿನ್ನೆ ಹಂದಿ ಬೆಂದಿದ್ದರೆ? ಮೂವತ್ತಾರು ವರ್ಷ ನಡೆಸಿಕೊಂಡು ಬಂದದ್ದನ್ನು ಅವಳ ಕೊನೆಗಾಲದಲ್ಲಿ ನಾನೇ ಕೆಡಿಸಲೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಹಿತ್ತಲಿಗೆ ಹೋಗಿ ನಿಂಬೆಗಿಡದ ಬುಡಕ್ಕೆ ಸುರಿದುಬಿಟ್ಟೆ. ಚಳಿಗೆ ಮಣ್ಣಿನಿಂದ ಹಬೆ ಎದ್ದಿತು.

ಅದು ನೇಮವೂ ಅಲ್ಲ, ಧರ್ಮವೂ ಅಲ್ಲ ಎಂದು ಈಗ ಗೊತ್ತಿದೆ. ಬರೇ ಹೊಟ್ಟೆಕಿಚ್ಚು. ನಾನು ದಿನವಿಡೀ ಒಲೆಯ ಮುಂದೆ ನಿಂತು ಮಾಡಿದ್ದು ಅವಳ ಗಂಟಲಲ್ಲಿ ಇಳಿಯದಿರುವಾಗ, ಬೇಲಿಯಾಚೆಯ ಮುದುಕಿ ಮಾಡಿದ್ದು ಇಳಿದರೆ? ಅದನ್ನು ನಾನು ನೋಡಲಾರದವನಾಗಿದ್ದೆ. ಅವಳು ಮೀನು ಬಿಟ್ಟದ್ದು ನನಗಾಗಿ, ದೇವರಿಗಾಗಿ ಅಲ್ಲ. ಆ ಮಾತು ಅವಳನ್ನು ಕೇಳಿದ್ದರೆ ಅವಳೇ ಹೇಳುತ್ತಿದ್ದಳು.

ಪಾತ್ರೆ ತೊಳೆದೆ. ಯಾರ ಮನೆಯಿಂದಾದರೂ ಪಾತ್ರೆಯಲ್ಲಿ ಏನಾದರೂ ಬಂದರೆ ಬರಿದು ಪಾತ್ರೆ ಹಿಂದಕ್ಕೆ ಕೊಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುವುದು ಅವ್ವನ ರೂಢಿ. ಅನ್ನ ಚೆಲ್ಲಿದ ಕೈ ಆ ಪದ್ಧತಿಯನ್ನು ಮಾತ್ರ ಮರೆಯಲಿಲ್ಲ ನೋಡಿ. ಅರ್ಧ ಪಾತ್ರೆ ಸಕ್ಕರೆ ತುಂಬಿ, ಅದೇ ಟವೆಲ್ಲು ಸುತ್ತಿ, ಕೊಟ್ಟು ಬಂದೆ. ಊಟ ಆಯಿತಾ ಎಂದು ಅವರು ಕೈಸನ್ನೆ ಮಾಡಿ ಕೇಳಿದರು. ಆಯಿತು, ಬಹಳ ಚೆನ್ನಾಗಿತ್ತು ಎಂದೆ. ಅವರ ಮುಖ ನೋಡಲಾಗದೆ ಸಕ್ಕರೆಯನ್ನೇ ನೋಡುತ್ತಿದ್ದೆ.

ಹೀಗೆ ಹನ್ನೊಂದು ಸಲ. ಪ್ರತಿ ಸಲವೂ ಗಂಜಿ ನಿಂಬೆಗಿಡಕ್ಕೆ, ಪಾತ್ರೆಯಲ್ಲಿ ಸಕ್ಕರೆ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಗಂಜಿಯ ಬಣ್ಣ ಬದಲಾಯಿತು. ತುಸು ಕೆಂಪು, ಒಳಗೆ ಖರ್ಜೂರದಂಥ ಸುಕ್ಕುಗಟ್ಟಿದ ಹಣ್ಣು. ಏಕೆ ಬದಲಾಯಿತೆಂದು ನಾನು ಯೋಚಿಸಲಿಲ್ಲ. ಬೇಗ ಸುರಿದು ಒಳಗೆ ಬರುವ ಗಡಿಬಿಡಿ ನನಗೆ.

ಒಂದು ದಿನ ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು ಅವಳ ಕೋಣೆಗೆ ಹೋದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಶುಂಠಿ ಪರಿಮಳ ಬರ್ತಾ ಉಂಟಲ್ಲ."

"ಚಹಾಕ್ಕ ಶುಂಠಿ ಜಜ್ಜೀನಿ," ಎಂದೆ.

"ಹೌದಾ."

ಸುಳ್ಳನ್ನು ನಿಜ ಮಾಡಲು ಹೋಗಿ ಶುಂಠಿ ಹಾಕಿ ಚಹಾ ಮಾಡಿ ತಂದೆ. ಹುಣ್ಣಿನ ಬಾಯಿಗೆ ಶುಂಠಿ ಚಹಾ. ಅವಳು ಎರಡು ಗುಟುಕು ಕುಡಿದಳು. ನನಗೆ ಬೇಸರವಾಗಬಾರದೆಂದು ಕುಡಿದಳು.

ಅದಾಗಿ ನಾಲ್ಕೈದು ದಿನಕ್ಕೆ, ಬೆಳಿಗ್ಗೆ ಹೊದಿಕೆ ಸರಿಮಾಡುತ್ತಿದ್ದಾಗ, "ಅಕ್ಕ ಊರಿಂದ ಬಂದ್ರಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. "ಹೌದಾ" ಎಂದು ಗೋಡೆಯ ಕಡೆ ಹೊರಳಿದಳು. ಕಿಟಕಿಯ ಪರದೆ ಒಂದು ಗೇಣು ಸರಿದಿತ್ತು, ಥಂಡಿ ಬರುತ್ತದೆಂದು ಮುಚ್ಚಲು ಹೋದೆ. ಎಲೆಯುದುರಿದ ಪರ್ಸಿಮನ್ ಮರದಲ್ಲಿ ಉಳಿದ ಹಣ್ಣುಗಳು ಕಾಣುತ್ತಿದ್ದವು. ಮರದ ಕೆಳಗೆ ಕಂದು ಸ್ವೆಟರ್ ಹಾಕಿಕೊಂಡು ಅಜ್ಜಿ ಎಲೆ ಗುಡಿಸುತ್ತಿದ್ದರು.

ನಾನು ಪರದೆ ಮುಚ್ಚಿದೆ. ಅವಳ ದಿಂಬಿನಿಂದ ನೋಡಿದರೂ ಆ ಮರ ಕಾಣುತ್ತಿತ್ತು. ಆಗಲೂ ಹೊತ್ತು ಮೀರಿರಲಿಲ್ಲ. ಬೇಲಿಯ ಹತ್ತಿರ ಹೋಗಿ ಕೂಗಿದ್ದರೆ ಸಾಕಿತ್ತು. ಮುಂದೆ ಇನ್ನೂ ಮೂರು ಸಲ ಗಂಜಿ ಬಂತು. ಆ ಮೂರನ್ನೂ ಚೆಲ್ಲಿದೆ. ಅಕ್ಕನ ಹೆಸರನ್ನು ಅವಳು ಮತ್ತೆ ಎತ್ತಲಿಲ್ಲ. ಜನವರಿಯಲ್ಲಿ ಹೋದಳು.

ಅವಳು ಹೋದ ಮೇಲಿನ ಚಳಿಗಾಲಗಳಲ್ಲಿ ನನಗೊಂದು ಹುಚ್ಚು ಹಿಡಿಯಿತು. ಆ ಗಂಜಿ ಮಾಡಬೇಕು. ರುಚಿ ನೋಡಿರಲಿಲ್ಲ, ವಾಸನೆಯೊಂದೇ ಗೊತ್ತಿತ್ತು. ಚೀನೀ ಗ್ರೋಸರಿಗೆ ಹೋಗಿ ಯಾವ ಅಕ್ಕಿ ಎಂದು ಕೇಳಿ ತಂದೆ. ಬೇಯಿಸಿದರೆ ಒಮ್ಮೆ ಅನ್ನವಾಯಿತು, ಒಮ್ಮೆ ತಳ ಹತ್ತಿತು, ಒಮ್ಮೆ ಅದೇ ಹಳೆಯ ಅಂಟು. ಇದನ್ನೂ ಅವಳು ಗೋಡೆಗೆ ಬಳಿಯುತ್ತಿದ್ದಳು ಎಂದುಕೊಂಡು ಒಬ್ಬನೇ ನಿಂತು ತಿನ್ನುತ್ತಿದ್ದೆ. ಅಜ್ಜಿಯನ್ನು ಕೇಳಲು ಧೈರ್ಯ ಬರಲಿಲ್ಲ. ಬೇಲಿಯ ಮೇಲಿನಿಂದ ಹಣ್ಣು ಬರುತ್ತಲೇ ಇತ್ತು. ಭಾನುವಾರ ಬಂದರೆ ಅವರು ತಮ್ಮ ತೋಳು ಮುಟ್ಟಿ, ಆಕಾಶದ ಕಡೆ ಕೈ ಮಾಡಿ, 'ನರ್ಸ್' ಎಂದು ತಲೆ ಆಡಿಸುತ್ತಿದ್ದರು.

ಮೂರನೆಯ ವರ್ಷ ಡಿಸೆಂಬರಿನಲ್ಲಿ ಅವರ ಮನೆಯ ಮುಂದೆ ಮಾರಾಟಕ್ಕಿದೆ ಎಂಬ ಬೋರ್ಡು ಬಂತು. ಮಗಳು ಬಂದು ಸಾಮಾನು ಕಟ್ಟುತ್ತಿದ್ದಳು. ತಾಯಿಗೆ ಎಂಬತ್ತೈದಾಯಿತು, ಸ್ಯಾಕ್ರಮೆಂಟೊಗೆ ಕರೆದೊಯ್ಯುತ್ತೇನೆ ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನಿದ್ದೆ ಬಂತು. ಬೆಳಿಗ್ಗೆ ಎದ್ದವನು ಮಾತ್ರ ಚಹಾ ಕೂಡ ಕುಡಿಯಲಿಲ್ಲ. ಹೋಗಿ ಬಾಗಿಲು ಬಡಿದೆ.

ಅಡುಗೆಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಅಜ್ಜಿ ಸಿಂಕಿನ ಮುಂದೆ ಬಟ್ಟಲು ತೊಳೆಯುತ್ತಿದ್ದರು. ಹೋದವನು ನಿಜ ಹೇಳಲಿಲ್ಲ. ಆ ಗಂಜಿ ಮಾಡುವುದನ್ನು ಕಲಿಸಿಕೊಡಿ ಎಂದು ಮಾತ್ರ ಮಗಳ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದೆ. ಮಗಳು ಅದನ್ನು ಚೀನೀ ಭಾಷೆಯಲ್ಲಿ ತಾಯಿಗೆ ಹೇಳಿದಳು. ಅಜ್ಜಿ ನಗುತ್ತ ಏನೋ ಅಂದರು.

ಮಗಳು ತಿರುಗಿ ಹೇಳಿದಳು: "ನಿಮ್ಮ ಹೆಂಡತಿ ಅಷ್ಟು ದಿನ ತಿಂದರಲ್ಲ, ನೀವು ಒಂದು ಚಮಚವನ್ನೂ ರುಚಿ ನೋಡಲಿಲ್ಲವಾ ಅಂತ ಅಮ್ಮ ಕೇಳ್ತಿದ್ದಾರೆ."

ತಪ್ಪಿಸಿಕೊಳ್ಳಲು ಇನ್ನು ಜಾಗ ಇರಲಿಲ್ಲ. ಹೇಳಿದೆ. ಅವಳು ತಿನ್ನಲಿಲ್ಲ. ನಾನು ಕೊಡಲಿಲ್ಲ. ಹನ್ನೊಂದು ಸಲವೂ ನೆಲಕ್ಕೆ ಚೆಲ್ಲಿದೆ. ಅವಳು ನಿಮ್ಮ ಗಂಜಿ ಬೇಕೆಂದು ಕೇಳಿದ್ದಳು, ನೀವು ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ.

ಮಗಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟಳು. ಇದನ್ನು ಅಮ್ಮನಿಗೆ ಹೇಳಲೇಬೇಕಾ ಎಂದು ಕೇಳಿದಳು. ಹೇಳಬೇಕು ಎಂದೆ.

ನಾನು ಅಷ್ಟುದ್ದ ಹೇಳಿದ್ದನ್ನು ಅವಳು ಮೂರು ನಾಲ್ಕು ಮಾತಿನಲ್ಲಿ ಮುಗಿಸಿದಳು. ಅಜ್ಜಿ ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಹಾಗಾದರೆ ಆ ಸಕ್ಕರೆ ಏಕೆ?

ಬರಿದು ಪಾತ್ರೆ ಮರಳಿಸಬಾರದೆಂಬ ನಮ್ಮ ಪದ್ಧತಿಯನ್ನು ವಿವರಿಸಿದೆ. ಮಗಳಿಗೆ ಅದನ್ನು ಹೇಳುವುದೇ ಕಷ್ಟವಾಯಿತು. ಕೇಳಿಸಿಕೊಂಡ ಅಜ್ಜಿ ಕುರ್ಚಿಯ ಮೇಲೆ ಕೂತುಬಿಟ್ಟರು. ಅವರು ತಿಳಿದದ್ದೇ ಬೇರೆ. ಮೊದಲ ಸಲ ಸಕ್ಕರೆ ನೋಡಿದಾಗ ಅವರಿಗೆ ಅರ್ಥವಾಗಲಿಲ್ಲವಂತೆ. ಎರಡನೆಯ ಸಲವೂ ಸಕ್ಕರೆ, ಮೂರನೆಯ ಸಲವೂ ಸಕ್ಕರೆ. ನರ್ಸಿಗೆ ಉಪ್ಪಿನ ಗಂಜಿ ಹಿಡಿಸುತ್ತಿಲ್ಲ, ಸಿಹಿ ಬೇಕಾಗಿದೆ, ಬಾಯಿಬಿಟ್ಟು ಕೇಳಲು ಸಂಕೋಚಪಟ್ಟು ಸಕ್ಕರೆ ಕಳಿಸುತ್ತಿದ್ದಾಳೆ ಎಂದುಕೊಂಡರಂತೆ. ಅಲ್ಲಿಂದ ಮುಂದೆ ಕೆಂಪು ಖರ್ಜೂರ ಹಾಕಿ, ನಾನು ಕೊಟ್ಟ ಆ ಸಕ್ಕರೆಯನ್ನೇ ಹಾಕಿ, ಸಿಹಿ ಗಂಜಿ ಮಾಡಿದರು. ಶುಂಠಿಯನ್ನು ಮಾತ್ರ ಬಿಡಲಿಲ್ಲ. ಸಕ್ಕರೆ ಬರುತ್ತಲೇ ಇದ್ದುದರಿಂದ, ಹಿಡಿಸಿದೆ ಎಂದು ಸಂತೋಷಪಟ್ಟರು.

ಅವರು ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಮನೆಗೆ ಬಂದೆ.

ಮೂರು ದಿನ ಆ ಕಡೆಯಿಂದ ಸದ್ದಿಲ್ಲ. ನಾಲ್ಕನೆಯ ಬೆಳಿಗ್ಗೆ, ಎದುರಿನ ಮನೆಯೂ ಕಾಣದಷ್ಟು ಮಂಜಿತ್ತು, ಮಗಳು ಬಂದು ಅಮ್ಮ ಕರೀತಿದ್ದಾರೆ ಎಂದಳು. ಹೋದೆ. ಒಲೆಯ ಪಕ್ಕದಲ್ಲಿ ನೀಲಿ ಹೂವಿನ ಆ ಪಾತ್ರೆ, ಜೊತೆಗೆ ಒಂದು ಸ್ಟೀಲಿನ ಪಾತ್ರೆ. ಅಜ್ಜಿ ಎರಡನ್ನೂ ತೋರಿಸಿ ಮಗಳಿಗೆ ಏನೋ ಹೇಳಿದರು. ಇಂಡಿಯಾದವರಲ್ಲಿ ಮಾಂಸ ಮುಟ್ಟದವರು ಬೇರೆ ಪಾತ್ರೆ ಬಳಸುತ್ತಾರೆಂದು ನಾನೇ ಅಮ್ಮನಿಗೆ ಹೇಳಿದ್ದೆ ಎಂದಳು ಮಗಳು. ಅಮ್ಮ ಎರಡೂ ಪಾತ್ರೆಗಳನ್ನು ನರ್ಸಿಗೆ ಜಡ್ಡಾದ ವರ್ಷ ಹೊಸದಾಗಿ ತಂದಿದ್ದರಂತೆ. ನರ್ಸಿನ ಗಂಜಿಯಲ್ಲದೆ ಬೇರೇನೂ ಅವುಗಳಲ್ಲಿ ಬೆಂದಿರಲಿಲ್ಲ. ಈಗಲೂ ಬೆಂದಿಲ್ಲ.

ನಾನು ಕೈ ಮುಗಿದೆ. ಅಜ್ಜಿ ಆ ಕೈಗಳಿಗೆ ಅಕ್ಕಿಯ ಲೋಟ ಕೊಟ್ಟರು.

ಆ ದಿನ ಅವರು ಕುರ್ಚಿಯಿಂದ ಏಳಲಿಲ್ಲ. ಎಲ್ಲವನ್ನೂ ನನ್ನಿಂದಲೇ ಮಾಡಿಸಿದರು. ಅಕ್ಕಿ ತೊಳೆದು ಚೂರು ಎಣ್ಣೆ, ಉಪ್ಪು ಸವರಿ ಅರ್ಧ ತಾಸು ಬಿಡಬೇಕು. ಕುದಿಯುವ ನೀರಿಗೆ ಹಾಕಬೇಕು. ಗಟ್ಟಿಯಾದರೆ ಬಿಸಿನೀರು ಸೇರಿಸಬೇಕು, ತಣ್ಣೀರು ಕೂಡದು. ಕಡ್ಡಿ ಅಡ್ಡ ಇಡುವುದನ್ನು ಆಗ ಕಲಿತೆ. ನಾನು ಬೇಗ ಬೇಗ ಕದಡಿದರೆ ಅವರು ಮೇಜನ್ನು ಬೆರಳಿನಿಂದ ತಟ್ಟುತ್ತಿದ್ದರು, ನಿಧಾನ ಎಂದು. ಎರಡು ತಾಸು ಹಾಗೇ ಕದಡಿದೆ. ಹಬೆಗೆ ಕಿಟಕಿಯ ಗಾಜು ಬೆವರಿತು.

ಬಟ್ಟಲಿಗೆ ಬಡಿಸಿಕೊಂಡು ಮೊದಲ ಚಮಚ ಬಾಯಿಗಿಟ್ಟೆ. ಏನೂ ಇಲ್ಲ ಅದರಲ್ಲಿ. ಅಕ್ಕಿ, ನೀರು, ಉಪ್ಪು, ಕೊನೆಗೆ ಶುಂಠಿಯ ಒಂದು ಎಳೆ. ನುಂಗಬೇಕಾದ್ದೇ ಇಲ್ಲ, ತಾನೇ ಇಳಿದುಹೋಗುತ್ತದೆ. ಹುಣ್ಣಿನ ಬಾಯಲ್ಲೂ ಇಳಿಯುತ್ತಿತ್ತು. ಇಷ್ಟು ಸಾಧಾರಣ ವಸ್ತುವನ್ನು ಅವಳಿಂದ ತಪ್ಪಿಸಿದೆನಲ್ಲ ಎನ್ನಿಸಿ ಎರಡನೆಯ ಚಮಚ ಎತ್ತಲಾಗಲಿಲ್ಲ. ತಿನ್ನಿ ಎಂದು ಅಜ್ಜಿ ಕೈ ಮಾಡಿದರು. ಪೂರ್ತಿ ತಿಂದೆ. ಪಾತ್ರೆಗಳೆರಡನ್ನೂ ಅವರು ನನಗೇ ಕೊಟ್ಟರು.

ಅವರು ಹೊರಟ ದಿನ ನಾನು ಬೆಳಿಗ್ಗೆ ಬೇಗ ಎದ್ದು ಗಂಜಿ ಮಾಡಿದೆ. ನೀಲಿ ಹೂವಿನ ಪಾತ್ರೆಗೆ ತುಂಬಿ, ಟವೆಲ್ಲು ಸುತ್ತಿ, ಕಾರಿನ ಹತ್ತಿರ ಒಯ್ದೆ. ಅಜ್ಜಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದರು. ನಾನು ಚಮಚ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ರುಚಿ ನೋಡಿದರು. ನಾನು ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಕ್ಷಮಿಸಿದೆ ಎಂದಾರು ಎಂದು ಮುದುಕನ ಆಸೆ.

ಅವರು ಹೇಳಿದ್ದನ್ನು ಮಗಳು ಹೇಳಿದಳು. "ನೀರು ಸಾಲದು ಅಂತಾರೆ."

ಹಾಗೆಂದರೂ ಅವರು ತಿನ್ನುವುದನ್ನು ನಿಲ್ಲಿಸಲಿಲ್ಲ. ಅರ್ಧ ಪಾತ್ರೆ ಖಾಲಿಯಾಗುವವರೆಗೆ ಮಗಳು ಗಾಡಿ ಚಾಲೂ ಮಾಡದೆ ಕಾದಳು. ಆಮೇಲೆ ಅಜ್ಜಿ ಮುಚ್ಚಳ ಹಾಕಿ, ಉಳಿದದ್ದರ ಸಮೇತ ಪಾತ್ರೆಯನ್ನು ನನ್ನ ಕೈಗಿಟ್ಟರು. ಕಾರು ಇಳಿಜಾರಿನ ತಿರುವಿನಲ್ಲಿ ಮರೆಯಾಯಿತು.

ಉಳಿದ ಗಂಜಿಯನ್ನು ಒಳಗೆ ತಂದು, ಬಿಸಿನೀರು ಬೆರೆಸಿ, ಮತ್ತೆ ಒಲೆಯ ಮೇಲಿಟ್ಟೆ. ಹದವಾದ ಮೇಲೆ ಎರಡು ಬಟ್ಟಲಿಗೆ ಬಡಿಸಿದೆ. ಒಂದು ಬಟ್ಟಲನ್ನು ಅವಳ ಕೋಣೆಗೆ ಒಯ್ದು ಕಿಟಕಿಯ ಹತ್ತಿರ ಇಟ್ಟು, ಪರದೆ ಸರಿಸಿದೆ. ಆರುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಅದನ್ನೂ ನಾನೇ ಉಂಡೆ. ಒಂದು ಅಗುಳನ್ನೂ ಚೆಲ್ಲಲಿಲ್ಲ.